ಶೀತಲಗೃಹದ ಯಂತ್ರಗಳ ಮಾತುಕತೆ

ಬೆಳೆದ ಮಾಲು ಕೆಡದಂತೆ ಕಾಪಾಡಿ, ಬೆಲೆ ಬಂದಾಗ ಮಾರಲು ಅನುಕೂಲ ಮಾಡಿಕೊಡುವ ಶೀತಲಗೃಹಗಳು, ಅಂದರೆ ಜನರ ಬಾಯಲ್ಲಿ ಕೋಲ್ಡ್ ಸ್ಟೋರೇಜುಗಳು, ಈಗ ನಮ್ಮ ಕಡೆಯವರಿಗೆ ಹೊಸವಲ್ಲ. ಹೊರಗಿನಿಂದ ನೋಡಿದವರಿಗೆ ಕಾಣುವುದು ದಪ್ಪ ಗೋಡೆ ಮತ್ತು ದಪ್ಪ ಬಾಗಿಲು ಮಾತ್ರ. ಒಳಗೆ ಹತ್ತಾರು ಯಂತ್ರಗಳು ಹಗಲಿರುಳು ಒಂದರೊಡನೊಂದು ಮಾತನಾಡುತ್ತಿರುತ್ತವೆ. ಆ ಮಾತು ನಿಂತರೆ ಏನಾಗುತ್ತದೆ, ನಿಲ್ಲದಂತೆ ಹೇಗೆ ಏರ್ಪಡಿಸಬೇಕು ಎಂಬುದೇ ಈ ಲೇಖನದ ವಿಷಯ.

ಬಿ.ಎ. ಓದುವವನಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಕಾಕಾ ಹುಮನಾಬಾದಿನ ಕಡೆಯ ಒಂದು ಶೀತಲಗೃಹದಲ್ಲಿ ಆಪರೇಟರ್ ಆಗಿದ್ದಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಇಂಗ್ಲಿಷಿನ ಯಾವ ಕಾಗದ ಬಂದರೂ ಅದು ಬಸವಕಲ್ಯಾಣಕ್ಕೆ, ನನ್ನ ಕೈಗೆ ಬರುತ್ತದೆ. ಹಾಗೆ ಬಂದ ಒಂದು ಕೈಪಿಡಿಯನ್ನು ನಿಘಂಟು ಹಿಡಿದು ಓದಿ, ಕಾಕಾರಿಂದ ಕೇಳಿ ತಿಳಿದುದನ್ನು ಇಲ್ಲಿ ಹೇಳುತ್ತೇನೆ.

ದೊಡ್ಡ ಶೀತಲಗೃಹಗಳಲ್ಲಿ ತಂಪು ಮಾಡಲು ಸಾಮಾನ್ಯವಾಗಿ ಅಮೋನಿಯಾ ಬಳಸುತ್ತಾರೆ. ಬಯಲ ಒತ್ತಡದಲ್ಲಿ ಇದು ಸೊನ್ನೆಗಿಂತ ೩೩ ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಕುದಿಯುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತುತ್ತದೆ, ಕಂಡೆನ್ಸರ್ ಮತ್ತೆ ದ್ರವವಾಗಿಸುತ್ತದೆ. ಪ್ರತಿ ಕೋಣೆಯ ಉಷ್ಣತೆಯನ್ನು ನೋಡಿಕೊಳ್ಳಲು ಒಂದೊಂದು ಸಣ್ಣ ಕಂಟ್ರೋಲರ್ ಇರುತ್ತದೆ. ಇವೆಲ್ಲ ಕಳಿಸುವ ಸುದ್ದಿಯನ್ನು ಕೂಡಿಸಿಕೊಂಡು, ಕಂಪ್ರೆಸರ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ನಿರ್ಧರಿಸುವುದು ದೊಡ್ಡ ಕಂಟ್ರೋಲ್ ಪ್ಯಾನೆಲ್.

ಸುದ್ದಿ ಹರಿಯುವುದು ಹೆಣೆದ ಎರಡು ತಂತಿಗಳಲ್ಲಿ. ಸೊನ್ನೆ ಅಥವಾ ಒಂದು ಎಂಬ ಚಿಹ್ನೆಗೆ ಬಿಟ್ ಎಂದು ಹೆಸರು. ಮಣಿಗಳನ್ನು ದಾರಕ್ಕೆ ಪೋಣಿಸಿದಂತೆ ಬಿಟ್‌ಗಳು ಒಂದರ ಹಿಂದೊಂದು ಸಾಲಾಗಿ ಹೋಗುವುದರಿಂದ ಇದನ್ನು ಸೀರಿಯಲ್ ಸಂಪರ್ಕ ಎನ್ನುತ್ತಾರೆ. ಆರ್‌ಎಸ್-೪೮೫ ಎಂಬ ತಂತಿಯ ನಿಯಮ ೧೯೮೩ರಲ್ಲಿ ಬಂದಿತು. ಇದರಲ್ಲಿ ವೇಗ ಕಡಿಮೆ ಇದ್ದರೆ ಸುಮಾರು ೧೨೦೦ ಮೀಟರುಗಳವರೆಗೆ ಸುದ್ದಿ ಹೋಗಬಲ್ಲದು. ತಂತಿಯ ಮೇಲೆ ಆಡುವ ಮಾತಿನ ವ್ಯಾಕರಣವಾದ ಮಾಡ್‌ಬಸ್ ಅದಕ್ಕೂ ಹಿಂದಿನದು. ೧೯೭೯ರಲ್ಲಿ ಅಮೆರಿಕದ ಮಾಡಿಕಾನ್ ಕಂಪನಿ ಅದನ್ನು ಹೊರತಂದಿತು. ಅದರ ರೀತಿ ತರಗತಿಯ ರೀತಿಯಂತೆಯೇ ಇದೆ. ಗುರುಗಳು ಹೆಸರು ಹಿಡಿದು ಕೇಳಿದಾಗ ಆ ವಿದ್ಯಾರ್ಥಿಯೊಬ್ಬನೇ ಉತ್ತರ ಹೇಳಬೇಕು, ಉಳಿದವರು ಸುಮ್ಮನಿರಬೇಕು.

ನಮ್ಮ ಬಸವಕಲ್ಯಾಣದ ಬಜಾರಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಎಲ್ಲವೂ ಕಿವಿಗೆ ಬೀಳುತ್ತವೆ. ಗಿರಾಕಿಯ ಬಾಯಿಂದ ಎರಡು ಮಾತು ಹೊರಟೊಡನೆ ಅಂಗಡಿಯವನು ಅವನ ಭಾಷೆಗೆ ತಿರುಗಿಕೊಳ್ಳುತ್ತಾನೆ. ಈ ಜಾಣತನ ಆ ಕಂಟ್ರೋಲರುಗಳಿಗಿಲ್ಲ. ಎರಡೂ ಕಡೆಯ ಒಪ್ಪಂದವನ್ನು ಮನುಷ್ಯನೇ ಮೊದಲು ಬರೆದಿಡಬೇಕು. ಆ ಒಪ್ಪಂದದ ಅಂಶಗಳು ಐದು.

ಮೊದಲನೆಯದು ವೇಗ, ಅಂದರೆ ಬಾಡ್ ದರ. ತಂತಿ ಸುದ್ದಿಯ ಕಾಲದ ಫ್ರೆಂಚ್ ತಂತ್ರಜ್ಞ ಎಮಿಲ್ ಬೋಡೋನ ಹೆಸರಿನಿಂದ ಈ ಮಾತು ಬಂದಿದೆ. ೯೬೦೦ ಎಂದರೆ ಇಲ್ಲಿ ಸೆಕೆಂಡಿಗೆ ೯೬೦೦ ಬಿಟ್‌ಗಳು. ಗುರುಗಳು ಉಕ್ತಲೇಖನ ಹೇಳುವ ವೇಗ ಒಂದು, ಬರೆಯುವವನ ವೇಗ ಇನ್ನೊಂದು ಆದರೆ ಕಾಗದದ ಮೇಲೆ ಉಳಿಯುವುದು ಗೊಂದಲವೇ. ಎರಡನೆಯದು ಒಂದು ಅಕ್ಷರಕ್ಕೆ ಎಷ್ಟು ಬಿಟ್ ಎಂಬುದು. ನಾವು ಹೇಳುತ್ತಿರುವ ಪದ್ಧತಿಯಲ್ಲಿ ಎಂಟು. ಮೂರನೆಯದು ಪ್ಯಾರಿಟಿ. ಅಕ್ಷರದಲ್ಲಿರುವ ಒಂದುಗಳ ಲೆಕ್ಕ ಸಮವಾಗುವಂತೆ ಅಥವಾ ಬೆಸವಾಗುವಂತೆ ಕೊನೆಗೆ ಇನ್ನೊಂದು ಬಿಟ್ ಸೇರಿಸುತ್ತಾರೆ. ದಾರಿಯಲ್ಲಿ ಒಂದು ಬಿಟ್ ತಿರುಚಿದರೆ ಲೆಕ್ಕ ತಪ್ಪಿ ಸಿಕ್ಕಿಬೀಳುತ್ತದೆ. ಪ್ಯಾರಿಟಿ ಬೇಡವೆಂದು ಬಿಡುವುದೂ ಉಂಟು. ನಾಲ್ಕನೆಯದು ಸ್ಟಾಪ್ ಬಿಟ್, ಅಂದರೆ ಅಕ್ಷರ ಮುಗಿಯಿತೆಂದು ತಿಳಿಸುವ ಸಣ್ಣ ವಿರಾಮ. ಇದು ಒಂದು ಅಥವಾ ಎರಡು. ಐದನೆಯದು ವಿಳಾಸ. ಮಾಡ್‌ಬಸ್‌ನಲ್ಲಿ ಕಂಟ್ರೋಲರುಗಳಿಗೆ ೧ರಿಂದ ೨೪೭ರವರೆಗೆ ಸಂಖ್ಯೆ ಕೊಡಬಹುದು. ಮೊದಲಿನ ನಾಲ್ಕು ಎಲ್ಲ ಯಂತ್ರಗಳಲ್ಲೂ ಒಂದೇ ಇರಬೇಕು. ವಿಳಾಸ ಮಾತ್ರ ಪ್ರತಿಯೊಂದಕ್ಕೂ ಬೇರೆ ಇರಬೇಕು. ಒಂದೇ ವಿಳಾಸದ ಇಬ್ಬರಿದ್ದರೆ ಇಬ್ಬರೂ ಒಟ್ಟಿಗೆ ಉತ್ತರ ಹೇಳಿ ಒಬ್ಬರ ಮಾತೂ ತಿಳಿಯದಂತಾಗುತ್ತದೆ.

ಇದು ಬರಿಯ ಪುಸ್ತಕದ ಮಾತಲ್ಲವೆಂಬುದಕ್ಕೆ ಕಾಕಾರ ಶೀತಲಗೃಹದಲ್ಲಿ ನಡೆದುದನ್ನು ಹೇಳುತ್ತೇನೆ. ಹುಣಸೆಹಣ್ಣು, ಒಣಮೆಣಸಿನಕಾಯಿ ಇಟ್ಟಿದ್ದ ಒಂದು ಕೋಣೆಯ ಕಂಟ್ರೋಲರ್ ಕೆಟ್ಟು ಹೊಸದನ್ನು ಕೂಡಿಸಿದರು. ಹಳೆಯವೆಲ್ಲ ೯೬೦೦ ವೇಗದಲ್ಲಿ, ಪ್ಯಾರಿಟಿ ಇಲ್ಲದೆ ಮಾತಾಡುತ್ತಿದ್ದವು. ಹೊಸದು ಕಾರ್ಖಾನೆಯಿಂದ ೧೯೨೦೦ ವೇಗ, ಸಮ ಪ್ಯಾರಿಟಿ ಎಂದು ಬಂದಿತ್ತು. ಕೂಡಿಸಿದವರು ಅದನ್ನು ನೋಡಲಿಲ್ಲ. ಪ್ಯಾನೆಲ್ಲು ಕೇಳಿದ ಪ್ರಶ್ನೆ ಅದಕ್ಕೆ ತಿಳಿಯಲಿಲ್ಲ, ಉತ್ತರವೂ ಬರಲಿಲ್ಲ. ಆದರೆ ಪ್ಯಾನೆಲ್ಲಿನ ಪರದೆಯ ಮೇಲೆ ಕೊನೆಯ ಸಲ ಬಂದಿದ್ದ ೪ ಡಿಗ್ರಿ ಎಂಬ ಅಂಕಿ ಹಾಗೆಯೇ ನಿಂತಿತ್ತು! ಕೋಣೆ ತಂಪಾಗಿಯೇ ಇದೆಯೆಂದು ನಂಬಿದ ಪ್ಯಾನೆಲ್ಲು ಆ ಕೋಣೆಗೆ ತಂಪು ಕಳಿಸಲಿಲ್ಲ. ರಾತ್ರಿ ಪಾಳಿಯಲ್ಲಿದ್ದ ಕಾಕಾ ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟು: "ಪರದೆ ಮ್ಯಾಲ ನಾಕ ಅಂತ ಅದ ತಮ್ಮಾ, ಒಳಗ ಹೋದ್ರ ಮೊದಲಿನ ಥಂಡಿ ಇಲ್ಲ." ಕೈಯ ಥರ್ಮಾಮೀಟರು ೧೧ ತೋರಿಸಿತು. ಅಂದು ರಾತ್ರಿಯೆಲ್ಲ ಅವರು ಅರ್ಧ ಗಂಟೆಗೊಮ್ಮೆ ಒಳಹೊಕ್ಕು, ಅಂಕಿ ಬರೆದುಕೊಂಡು, ಕೈಯಿಂದಲೇ ಯಂತ್ರ ನಡೆಸಿದರು. ಮರುದಿನ ಹೈದರಾಬಾದಿನಿಂದ ಬಂದ ತಂತ್ರಜ್ಞರು ಮಾಡಿದ ಕೆಲಸ ಹತ್ತು ನಿಮಿಷದ್ದು. ಮಾಲು ಉಳಿಯಿತು. ಆದರೆ ಮಾಲಕರ ಸಿಟ್ಟು ಮೊದಲು ಇಳಿದದ್ದು ರಾತ್ರಿ ಪಾಳಿಯವರ ಮೇಲೆ.

ಹೊಸ ಕಂಟ್ರೋಲರ್ ಕೂಡಿಸುವಾಗ ಅನುಸರಿಸತಕ್ಕ ಕ್ರಮ ಹೀಗೆ. ಹಳೆಯದು ಕೆಡುವ ಮೊದಲೇ ಅದರ ಐದು ಅಂಶಗಳನ್ನು ಬರೆದಿಟ್ಟುಕೊಂಡಿರಬೇಕು. ಹೊಸದರ ಮೆನುವಿನಲ್ಲಿ ಅವೇ ಅಂಕಿಗಳನ್ನು ತುಂಬಬೇಕು. ಕೆಲವು ಕಂಟ್ರೋಲರುಗಳು ಒಮ್ಮೆ ಕರೆಂಟು ತೆಗೆದು ಕೊಟ್ಟ ಮೇಲೆಯೇ ಹೊಸ ಅಂಕಿಯನ್ನು ಒಪ್ಪುತ್ತವೆ. ಪಾಳಿಯವರಿಗೆ ತಿಳಿಸದೆ ಕರೆಂಟು ತೆಗೆಯಬಾರದು. ಎ ಮತ್ತು ಬಿ ಎಂಬ ಎರಡು ತಂತಿಗಳು ಅದಲುಬದಲಾಗಬಾರದು. ಈ ಗುರುತನ್ನು ಕೆಲವು ತಯಾರಕರು ತಿರುವುಮುರುವಾಗಿ ಹಾಕುವುದರಿಂದ ಕೈಪಿಡಿಯನ್ನು ನೋಡಲೇಬೇಕು. ಉದ್ದ ತಂತಿಯ ಎರಡು ತುದಿಗಳಲ್ಲಿ ಮಾತ್ರ ೧೨೦ ಓಮಿನ ರೆಸಿಸ್ಟರ್ ಇರಬೇಕು. ಇಲ್ಲದಿದ್ದರೆ ಚಿಹ್ನೆಗಳು ತುದಿಗೆ ಬಡಿದು, ಬಾವಿಯಲ್ಲಿ ಕೂಗಿದ ದನಿಯಂತೆ ಹಿಂತಿರುಗಿ ಬರಬಹುದು. ಕೊನೆಯದಾಗಿ, ಉತ್ತರ ಇಷ್ಟು ಸೆಕೆಂಡು ಬಾರದಿದ್ದರೆ ಗಂಟೆ ಬಾರಿಸು ಎಂಬ ಟೈಮ್‌ಔಟ್ ಅಲಾರಂ ಇಡಬೇಕು; ಹಳೆಯ ಅಂಕಿ ಹೊಸದರ ವೇಷದಲ್ಲಿ ನಿಲ್ಲಲು ಬಿಡಬಾರದು. ಎಲ್ಲವೂ ಸರಿಯಾಯಿತೆಂದು ತಿಳಿಯಬೇಕಾದರೆ ಕೋಣೆಯ ಥರ್ಮಾಮೀಟರು ಮತ್ತು ಪರದೆ ಎರಡನ್ನೂ ಒಟ್ಟಿಗೆ ನೋಡುವುದೇ ನೇರವಾದ ಪರೀಕ್ಷೆ.

ಇನ್ನೊಂದು ಮಾತನ್ನು ಮರೆಯಬಾರದು. ಅಮೋನಿಯಾ ವಿಷಕಾರಿ ಅನಿಲ. ಅದರ ಒತ್ತಡ ಮಿತಿಮೀರಿದಾಗ ಕಂಪ್ರೆಸರನ್ನು ನಿಲ್ಲಿಸುವ ಕಟ್‌ಔಟ್ ಸ್ವಿಚ್ಚಿಗೆ ಅದರದೇ ಆದ ಬೇರೆ ತಂತಿ ಇರತಕ್ಕದ್ದು. ಜೀವರಕ್ಷಣೆಯ ಕೆಲಸವನ್ನು ಈ ಮಾತುಕತೆಯ ತಂತಿಯೊಂದಕ್ಕೇ ವಹಿಸುವುದು ವಿವೇಕವಲ್ಲ.

ಇದಿಷ್ಟೂ ಏಳನೆಯ ಇಯತ್ತೆ ಓದಿದ ಕಾಕಾರಿಗೆ ಕನ್ನಡದಲ್ಲಿ ಹೇಳಿದಾಗ ಒಂದೇ ಸಂಜೆಯಲ್ಲಿ ತಿಳಿಯಿತು. ಅವರಿಗೆ ಕೊರತೆಯಾಗಿದ್ದುದು ಬುದ್ಧಿಯಲ್ಲ, ತಮ್ಮ ಭಾಷೆಯ ಒಂದು ಹಾಳೆ. ಈಗ ಪ್ಯಾನೆಲ್ಲಿನ ಬಾಗಿಲ ಒಳಬದಿಗೆ ಅಂತಹ ಹಾಳೆಯೊಂದು ಅಂಟಿದೆ. ಕೋಣೆ, ವಿಳಾಸ, ವೇಗ, ಬಿಟ್, ಪ್ಯಾರಿಟಿ, ಸ್ಟಾಪ್ ಎಂಬ ಆರು ಕಲಮುಗಳು, ಬದಲಾಯಿಸಿದವರ ಸಹಿ ಮತ್ತು ತಾರೀಖು. ನಮ್ಮ ಕಾಲೇಜಿನ ಗೆಳೆಯರಲ್ಲಿ ಅನೇಕರ ಮನೆಯವರು ಗಿರಣಿ, ಪಂಪುಮನೆ, ಹಾಲಿನ ಡೇರಿಗಳಲ್ಲಿ ದುಡಿಯುತ್ತಾರೆ. ರಜೆಯಲ್ಲಿ ಊರಿಗೆ ಹೋದಾಗ ಅವರ ಯಂತ್ರದ ಕೈಪಿಡಿಯ ಒಂದು ಪುಟವನ್ನಾದರೂ ಕನ್ನಡಕ್ಕೆ ಇಳಿಸಿಕೊಟ್ಟರೆ, ನಾವು ಓದಿದ ವಿದ್ಯೆ ಓದಿಸಿದವರ ಕೈಗೆ ಮರಳಿ ಬಂದಂತಾಗುತ್ತದೆ.