ಮೂತ್ರಪಿಂಡದ ಉರಿಯೂತ: ಬಿಳಿಯ ಕಣಗಳ ಹಿಡಿತ

ಆಳಂದ, ಅಫಜಲಪುರ, ಜೇವರ್ಗಿಗಳ ಹಳ್ಳಿಗಳಲ್ಲಿ, ನಾಡಿನ ಉಳಿದ ಬಿಸಿಲುಸೀಮೆಗಳಲ್ಲಿರುವಂತೆಯೇ, ಮಕ್ಕಳ ಕೈಕಾಲುಗಳ ಮೇಲೆ ಕಜ್ಜಿಯ ಹುಣ್ಣುಗಳೇಳುವುದನ್ನು ಯಾರೂ ದೊಡ್ಡ ರೋಗವೆಂದು ಎಣಿಸುವುದಿಲ್ಲ. ಅವು ಕೀವುಗಟ್ಟಿ, ಒಡೆದು, ಒಣಗುತ್ತವೆ. ಆದರೆ ಒಮ್ಮೊಮ್ಮೆ ಮೂರು ವಾರಗಳು ಕಳೆದು ಹುಣ್ಣಿನ ನೆನಪೇ ಮಾಸಿರುವಾಗ, ಬೆಳಗ್ಗೆ ಏಳುವ ಮಗುವಿನ ಮುಖ ಊದಿಕೊಂಡಿರುತ್ತದೆ; ಮೂತ್ರವು ಹಾಲು ಹಾಕದ ಚಹದ ಬಣ್ಣಕ್ಕೆ ತಿರುಗಿರುತ್ತದೆ. ಚರ್ಮದ ಹುಣ್ಣಿಗೂ ಬೆನ್ನಿನ ಒಳಗಡೆ ಅಡಗಿರುವ ಮೂತ್ರಪಿಂಡಕ್ಕೂ ಎತ್ತಣ ಸಂಬಂಧ?

ಇಂತಹ ಹುಣ್ಣಿಗೆ ಅನೇಕ ವೇಳೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯ ಕಾರಣ. ಅದು ಮೂತ್ರಪಿಂಡಕ್ಕೆ ಹೋಗಿ ಮನೆ ಮಾಡುವುದಿಲ್ಲ. ಅದರ ಅಂಶಗಳೂ ಅವನ್ನೆದುರಿಸಲು ದೇಹವು ತಯಾರಿಸಿದ ಪ್ರತಿಕಾಯಗಳೂ ಒಂದಕ್ಕೊಂದು ಹೆಣೆದುಕೊಂಡು ಮೂತ್ರಪಿಂಡದ ಸೋಸುಗುಚ್ಛಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕೂದಲಿಗಿಂತಲೂ ನವುರಾದ ರಕ್ತನಾಳಗಳು ಉಂಡೆಯಾಗಿ ಸುತ್ತಿಕೊಂಡಿರುವುದೇ ಸೋಸುಗುಚ್ಛ. ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಇಂತಹವು ಸುಮಾರು 10 ಲಕ್ಷ ಇರುತ್ತವೆ. ವಯಸ್ಕನಲ್ಲಿ ಎರಡು ಮೂತ್ರಪಿಂಡಗಳೂ ಸೇರಿ ದಿನಕ್ಕೆ 180 ಲೀಟರಿನಷ್ಟು ದ್ರವವನ್ನು ಸೋಸುತ್ತವೆ. ಅಲ್ಲಿ ಸಿಕ್ಕಿಕೊಂಡ ಕಸವನ್ನು ಕಂಡು, ಶತ್ರುವೇ ಬಂದನೆಂಬಂತೆ ಬಿಳಿಯ ರಕ್ತಕಣಗಳು ಧಾವಿಸುತ್ತವೆ.

ಧಾವಿಸಿದರೆ ಸಾಲದು, ನಿಲ್ಲಬೇಕಲ್ಲ! ಆಳಂದದ ಕಡೆಯಿಂದ ಬರುವ ಅಮರ್ಜಾ ನದಿಯು ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಅಲ್ಲಿನ ನೀರಿಗೆ ಬಿದ್ದವನು ದಡ ಹತ್ತಬೇಕಾದರೆ ಬೇರನ್ನೋ ಬಂಡೆಯನ್ನೋ ಹಿಡಿಯಲೇಬೇಕು. ರಕ್ತಪ್ರವಾಹದಲ್ಲಿರುವ ಬಿಳಿಯ ಕಣದ ಪಾಡೂ ಅದೇ. ಉರಿಯೂತವಾದೆಡೆ ರಕ್ತನಾಳದ ಒಳಗೋಡೆಯು ಸೆಲೆಕ್ಟಿನ್ ಎಂಬ ಅಣುಗಳನ್ನು ಹೊರಚಾಚುತ್ತದೆ. ಬದುವಿನ ಮೇಲೆ ನಡೆಯುವವನ ಧೋತರಕ್ಕೆ ಉತ್ತರಾಣಿಯ ಕಾಳು ಸಿಕ್ಕುವಂತೆ ಇವುಗಳ ಹಿಡಿತ ಹಗುರ. ಹಿಡಿಯುತ್ತವೆ, ಬಿಡುತ್ತವೆ, ಕಣವು ಗೋಡೆಯುದ್ದಕ್ಕೂ ಉರುಳುತ್ತದೆ. ಆಮೇಲೆ ಕಣದ ಮೈಮೇಲಿರುವ ಇಂಟೆಗ್ರಿನ್ ಎಂಬ ಅಣುವು ಗೋಡೆಯ ಐಕ್ಯಾಮ್-1 ಎಂಬ ಅಣುವನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತದೆ. ಬಿಳಿಯ ಕಣಗಳು ನಾಳದಿಂದ ಹೊರಗೆ ನುಸುಳುವುದನ್ನು ಜರ್ಮನಿಯ ಕೋನ್‌ಹೈಮ್ 1867ರಲ್ಲಿಯೇ ಕಪ್ಪೆಯ ದೇಹದಲ್ಲಿ ಕಂಡು ವರ್ಣಿಸಿದ್ದನು. ಹಿಡಿಯುವ ಈ ಅಣುಗಳನ್ನು ಒಂದೊಂದಾಗಿ ಗುರುತಿಸಲು ಮಾತ್ರ 1980ರ ದಶಕದವರೆಗೆ ಕಾಯಬೇಕಾಯಿತು.

ಸೋಸುಗುಚ್ಛದ ರೀತಿಯೇ ಬೇರೆ. ಮೆಲ್ಬರ್ನಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಬದುಕಿರುವ ಇಲಿಗಳ ಸೋಸುಗುಚ್ಛಗಳನ್ನೇ ಸೂಕ್ಷ್ಮದರ್ಶಕದಿಂದ ನೋಡಿದರು. ಆರೋಗ್ಯವಾಗಿರುವಾಗಲೂ ಬಿಳಿಯ ಕಣಗಳು ಅಲ್ಲಿ ಕೆಲವು ನಿಮಿಷ ತಂಗಿ, ಗಸ್ತಿನವರಂತೆ ಮುಂದೆ ಸಾಗುತ್ತಿದ್ದವು! ರೋಗ ತಗುಲಿದಾಗ ಆದ ಮುಖ್ಯ ವ್ಯತ್ಯಾಸವೆಂದರೆ ಅವು ಹೊರಡದೆ ಹೆಚ್ಚು ಹೊತ್ತು ಕುಳಿತದ್ದು, ಮತ್ತು ಅಂಗಾಂಶವನ್ನು ಸುಡುವ ಆಮ್ಲಜನಕದ ಉಗ್ರರೂಪಗಳನ್ನು ಹೊರಗೆಡಹಿದ್ದು. ಹೀಗೆ ಹಿಡಿದು ಕೂರಿಸಿದ್ದು ಮ್ಯಾಕ್-1 ಎಂಬ ಇಂಟೆಗ್ರಿನ್. ಜರಡಿ ಹರಿದು ರಕ್ತವೂ ಪ್ರೋಟೀನೂ ಮೂತ್ರಕ್ಕಿಳಿಯುವುದಕ್ಕೆ ಇಂತಹ ಹಾನಿಯೇ ದಾರಿ.

ಹಾಗಾದರೆ ಆ ಹಿಡಿತವನ್ನು ಔಷಧದಿಂದ ಬಿಡಿಸಬಾರದೇಕೆ ಎಂದು ವಾಚಕರು ಕೇಳಬಹುದು. ಪ್ರಕೃತಿಯೇ ಇದಕ್ಕೆ ಕಠೋರವಾದ ಉತ್ತರ ಕೊಟ್ಟಿದೆ. ಮ್ಯಾಕ್-1 ಮತ್ತು ಅದರ ಸೋದರ ಅಣುಗಳಿಲ್ಲದೆ ಅಪರೂಪವಾಗಿ ಕೆಲವು ಮಕ್ಕಳು ಹುಟ್ಟುತ್ತಾರೆ. ಅವರ ಹೊಕ್ಕುಳಬಳ್ಳಿ ತಡವಾಗಿ ಉದುರುತ್ತದೆ. ಗಾಯಗಳು ಮಾಯುವುದಿಲ್ಲ, ಕೀವೂ ಕಟ್ಟುವುದಿಲ್ಲ. ಸೋಂಕುಗಳು ಮೇಲಿಂದ ಮೇಲೆ ಬಂದು ಪ್ರಾಣಕ್ಕೇ ಎರವಾಗುತ್ತವೆ. ನಾವು ಹೇಸುವ ಕೀವು ರಕ್ಷಣೆಯ ಗುರುತೂ ಹೌದು! ಐಕ್ಯಾಮ್-1ನ್ನು ತಡೆಯುವ ಔಷಧವನ್ನು ಬದಲಿ ಮೂತ್ರಪಿಂಡ ಪಡೆದವರಲ್ಲಿ ಪ್ರಯೋಗಿಸಿದಾಗ ಲಾಭ ಕಾಣಲಿಲ್ಲವೆಂದು 1999ರಲ್ಲಿ ವರದಿಯಾಯಿತು. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಕೊಡುತ್ತಿದ್ದ, ಮತ್ತೊಂದು ಇಂಟೆಗ್ರಿನ್ನನ್ನು ತಡೆಯುವ ಎಫಲಿಜುಮಾಬ್ ಮೆದುಳಿನ ಮಾರಕ ಸೋಂಕಿಗೆ ದಾರಿ ಮಾಡಿದ್ದರಿಂದ 2009ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆಯಲ್ಪಟ್ಟಿತು.

ಸ್ಟ್ರೆಪ್ಟೊಕಾಕಸ್ಸಿನ ತರುವಾಯ ಬರುವ ಉರಿಯೂತದಲ್ಲಿ ಹೆಚ್ಚಿನ ಮಕ್ಕಳು ಇಂತಹ ಔಷಧಗಳಿಲ್ಲದೆಯೇ ಚೇತರಿಸಿಕೊಳ್ಳುತ್ತಾರೆ. ಉಪ್ಪನ್ನು ಕಡಮೆ ಮಾಡುವುದು, ಊತವನ್ನಿಳಿಸುವುದು, ರಕ್ತದ ಒತ್ತಡವನ್ನು ಹತೋಟಿಯಲ್ಲಿಡುವುದು, ಇಷ್ಟೇ ಮುಖ್ಯ ಚಿಕಿತ್ಸೆ. ಒತ್ತಡವನ್ನು ಅಲಕ್ಷಿಸಿದರೆ ಮಗುವಿಗೆ ಅಪಸ್ಮಾರದಂತಹ ಸೆಳವು ಬರಬಹುದು. ಆದುದರಿಂದ ಮುಖ ಊದಿದ ಮಗುವನ್ನು ಅಂದೇ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು. ಊತವಿಳಿದು ಮಗು ಆಟಕ್ಕೆ ಹೊರಟ ಮೇಲೂ ಕಣ್ಣಿಗೆ ಕಾಣದಷ್ಟು ರಕ್ತವು ಮೂತ್ರದಲ್ಲಿ ತಿಂಗಳುಗಟ್ಟಲೆ ಉಳಿಯಬಹುದು. ವೈದ್ಯರು ಮತ್ತೆ ಮತ್ತೆ ಮೂತ್ರಪರೀಕ್ಷೆಗೆ ಕರೆಯುವುದು ಇದಕ್ಕಾಗಿಯೇ.