ಮೊದಲ ಗಗನಚುಂಬಿಯ ಶವಪರೀಕ್ಷೆ

1931ರಲ್ಲಿ ಶಿಕಾಗೋ ನಗರದ ಲಾಸಾಲ್ ಮತ್ತು ಆಡಮ್ಸ್ ರಸ್ತೆಗಳು ಕೂಡುವ ಮೂಲೆಯಲ್ಲಿ ಹಳೆಯ ಕಚೇರಿ ಕಟ್ಟಡವೊಂದನ್ನು ಕೆಡವಲಾಯಿತು. ಹೊಸದಕ್ಕಾಗಿ ಹಳೆಯದನ್ನು ಉರುಳಿಸುವುದು ಆ ನಗರಕ್ಕೆ ಅಪರೂಪದ ಸಂಗತಿಯೇನಲ್ಲ. ಆದರೆ ಈ ಬಾರಿ ಕೂಲಿಗಳ ಜೊತೆಯಲ್ಲಿ ವಾಸ್ತುಶಿಲ್ಪಿಗಳೂ ಎಂಜಿನಿಯರುಗಳೂ ಅಲ್ಲಿ ನಿಂತಿದ್ದರು. ಗೋಡೆಯ ಇಟ್ಟಿಗೆ ಕಳಚಿದಂತೆಲ್ಲ ಒಳಗಿನ ಕಂಬ ಯಾವುದು, ತೊಲೆ ಯಾವುದು, ಯಾವ ಭಾರವನ್ನು ಯಾವುದು ಹೊತ್ತಿತ್ತು ಎಂದು ಅವರು ಪರಿಶೀಲಿಸುತ್ತಿದ್ದರು. ಕಟ್ಟಡದ ಹೆಸರು ಹೋಮ್ ಇನ್ಶೂರೆನ್ಸ್ ಬಿಲ್ಡಿಂಗ್. ಲೋಕದ ಮೊದಲ ಗಗನಚುಂಬಿ ಎಂಬ ಕೀರ್ತಿ ಅದಕ್ಕೆ ಸಲ್ಲುವುದೇ ಎಂಬ ಪ್ರಶ್ನೆಗೆ ಉತ್ತರ ಗೋಡೆಯೊಳಗೇ ಅಡಗಿತ್ತು. ಕೆಡವದ ಹೊರತು ಅದು ಕಾಣುವಂತಿರಲಿಲ್ಲ.

ಕಟ್ಟಡದ ಹಿನ್ನೆಲೆಯನ್ನು ಅರಿಯಲು 1871ರ ಅಕ್ಟೋಬರಿಗೆ ಹೋಗಬೇಕು. ಆ ತಿಂಗಳ ಮಹಾಬೆಂಕಿಯಲ್ಲಿ ಶಿಕಾಗೋದ ಸುಮಾರು 17,000 ಕಟ್ಟಡಗಳು ಸುಟ್ಟುಹೋದವು. ಬರಿಯ ಕಬ್ಬಿಣ ಬೆಂಕಿಗೆ ನಿಲ್ಲದೆಂಬುದು ಆಗಲೇ ಮನವರಿಕೆಯಾಗಿ, ಲೋಹದ ಕಂಬಗಳಿಗೆ ಸುಟ್ಟ ಜೇಡಿಯ ಹೊದಿಕೆ ತೊಡಿಸುವ ಕ್ರಮ ರೂಢಿಗೆ ಬಂತು. ನಗರ ಮತ್ತೆ ಎದ್ದಾಗ ವ್ಯಾಪಾರವೆಲ್ಲ ನದಿ, ಸರೋವರ, ರೈಲುಹಳಿಗಳ ನಡುವಣ ಇಕ್ಕಟ್ಟಿನ ಜಾಗದಲ್ಲೇ ಸೇರಿಕೊಂಡಿತು. ನೆಲದ ಬೆಲೆ ಏರಿತು. ಅಗಲಕ್ಕೆ ಹಬ್ಬಲಾರದ್ದು ಎತ್ತರಕ್ಕೆ ಏರಬೇಕಾಯಿತು. ಹಗ್ಗ ಹರಿದರೂ ಬೀಳದ ಲಿಫ್ಟನ್ನು ಎಲಿಶಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದ್ದುದರಿಂದ ಏರುವವರ ಕಾಲುನೋವು ಅಡ್ಡಿಯಾಗಿ ಉಳಿದಿರಲಿಲ್ಲ.

ಉಳಿದ ಅಡ್ಡಿಯೆಂದರೆ ಗೋಡೆ. ಇಟ್ಟಿಗೆ ಕಲ್ಲುಗಳ ಕಟ್ಟಡದಲ್ಲಿ ಮೇಲಿನ ಅಂತಸ್ತುಗಳ ಭಾರವೆಲ್ಲ ಕೆಳಗಿನ ಗೋಡೆಯ ಮೇಲೆ ಬೀಳುತ್ತದೆ. ಎತ್ತರ ಹೆಚ್ಚಿದಂತೆ ಗೋಡೆಯ ಬುಡ ದಪ್ಪವಾಗುತ್ತದೆ. ಅದೇ ಶಿಕಾಗೋದಲ್ಲಿ 1891ರಲ್ಲಿ ಮುಗಿದ ಮೊನಾಡ್‌ನಾಕ್ ಕಟ್ಟಡದ ಹದಿನಾರು ಅಂತಸ್ತುಗಳನ್ನು ಹೊರಲು ಬುಡದಲ್ಲಿ ಆರು ಅಡಿ ದಪ್ಪದ ಗೋಡೆ ಬೇಕಾಯಿತು. ಹೀಗೆ ಬಾಡಿಗೆ ತರಬೇಕಾದ ಜಾಗವನ್ನು ಗೋಡೆಯೇ ನುಂಗುತ್ತದೆ, ಕಿಟಕಿಗಳು ಕಿರಿದಾಗುತ್ತವೆ, ಒಳಗೆ ಕತ್ತಲೆ ಕವಿಯುತ್ತದೆ. ವಿದ್ಯುದ್ದೀಪ ಇನ್ನೂ ಹೊಸದಾಗಿದ್ದ ಆ ದಿನಗಳಲ್ಲಿ ಗುಮಾಸ್ತನ ಮೇಜಿಗೆ ಹಗಲ ಬೆಳಕು ಬೀಳದಿದ್ದರೆ ಕಚೇರಿ ನಡೆಯುವಂತಿರಲಿಲ್ಲ.

ವಿಮಾ ಕಂಪನಿ ತನ್ನ ವಾಸ್ತುಶಿಲ್ಪಿಯಿಂದ ಬಯಸಿದ್ದೂ ಇದನ್ನೇ: ಹಲವು ಸಣ್ಣ ಕಚೇರಿಗಳು, ಪ್ರತಿಯೊಂದಕ್ಕೂ ಧಾರಾಳ ಬೆಳಕು. ಆ ವಾಸ್ತುಶಿಲ್ಪಿ ವಿಲಿಯಂ ಲ ಬ್ಯಾರನ್ ಜೆನ್ನಿ (1832-1907). ಪ್ಯಾರಿಸ್ಸಿನ ಎಂಜಿನಿಯರಿಂಗ್ ಶಾಲೆಯಲ್ಲಿ ಕಲಿತು, ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದ ಎಂಜಿನಿಯರಾಗಿ ದುಡಿದವರು. ಅಲಂಕಾರದಲ್ಲಿ ಅವರ ಕೈ ಅಷ್ಟೇನೂ ಪಳಗಿದ್ದಲ್ಲವೆಂದೇ ಹೇಳಬೇಕು. ಆದರೆ ಮುಂದೆ ಶಿಕಾಗೋ ಶೈಲಿಗೆ ಹೆಸರು ತಂದ ಸುಲಿವನ್, ಬರ್ನ್‌ಹ್ಯಾಮ್, ಹೊಲಬರ್ಡ್, ರೋಶ್ ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಅವರ ಕಚೇರಿಯಲ್ಲಿ ಕೆಲಸ ಕಲಿತವರು.

1884ರಲ್ಲಿ ಆರಂಭವಾಗಿ 1885ರಲ್ಲಿ ಮುಗಿದ ಈ ಕಟ್ಟಡಕ್ಕೆ ಹತ್ತು ಅಂತಸ್ತು, 138 ಅಡಿ ಎತ್ತರ. ರಸ್ತೆಗೆ ಮುಖಮಾಡಿದ ಗೋಡೆಗಳ ಇಟ್ಟಿಗೆ ಕಂಬಗಳೊಳಗೆ ಜೆನ್ನಿ ಎರಕದ ಕಬ್ಬಿಣದ ಕಂಬಗಳನ್ನು ಹುದುಗಿಸಿದರು. ಅವುಗಳಿಗೆ ತೊಲೆಗಳನ್ನು ಬೋಲ್ಟು ಹಾಕಿ ಬಿಗಿದರು. ಮದುವೆಯ ಚಪ್ಪರವನ್ನು ನೆನೆದರೆ ತತ್ವ ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಭಾರ ಹೊರುವುದು ಕಂಬ ಮತ್ತು ಗಳು. ಸುತ್ತ ಕಟ್ಟಿದ ತಟ್ಟಿ ಬರಿಯ ಮರೆ. ಗೋಡೆ ಮರೆಯಷ್ಟೇ ಆದಾಗ ಅದು ತೆಳ್ಳಗಾಗಬಹುದು, ಕಿಟಕಿ ಅಗಲವಾಗಬಹುದು. ಆರನೆಯ ಅಂತಸ್ತಿನವರೆಗೆ ಮೆದು ಕಬ್ಬಿಣದ ತೊಲೆಗಳಿದ್ದವು. ಅಲ್ಲಿಂದ ಮೇಲೆ ಕಾರ್ನೆಗಿ ಕಂಪನಿಯ ಬೆಸಿಮರ್ ಉಕ್ಕಿನ ತೊಲೆಗಳು ಬಂದವು. ಆವರೆಗೆ ರೈಲುಹಳಿ ಸೇತುವೆಗಳಲ್ಲಿ ಮೆರೆದ ಉಕ್ಕು ಎತ್ತರದ ಕಟ್ಟಡವನ್ನು ಹೊಕ್ಕಿದ್ದು ಹೀಗೆ. 1891ರಲ್ಲಿ ಇನ್ನೆರಡು ಅಂತಸ್ತುಗಳನ್ನು ಸೇರಿಸಿದಾಗ ಎತ್ತರ 180 ಅಡಿಯಾಯಿತು.

ಪಂಜರದ ಮೇಲೆ ಹೆಂಡತಿ ಇಟ್ಟ ದಪ್ಪ ಪುಸ್ತಕವನ್ನು ತೆಳುತಂತಿಗಳು ಹೊತ್ತದ್ದು ಕಂಡು ಜೆನ್ನಿಗೆ ಈ ಉಪಾಯ ಹೊಳೆಯಿತೆಂಬ ಕಥೆಯೊಂದುಂಟು. ನ್ಯೂಟನ್ನನ ಸೇಬಿನ ಜಾತಿಯ ಈ ಕಥೆಯನ್ನು ನಂಬುವ ಅಗತ್ಯವಿಲ್ಲ. ಲೋಹದ ಚೌಕಟ್ಟು ಆ ವೇಳೆಗೆ ಹಳೆಯ ವಿಷಯವೇ. ಇಂಗ್ಲೆಂಡಿನ ಡಿದರಿಂಗ್ಟನ್ ನಾರಿನ ಗಿರಣಿಯ ಒಳಭಾಗಕ್ಕೆ 1797ರಲ್ಲೇ ಎರಕದ ಕಬ್ಬಿಣದ ಕಂಬ ತೊಲೆಗಳಿದ್ದವು. ಮುಂಬಯಿಯ ಓದುಗರಂತೂ ಇಷ್ಟು ದೂರ ಹೋಗಬೇಕಾಗಿಲ್ಲ: ಕಾಲಾಘೋಡಾದ ವಾಟ್ಸನ್ ಹೋಟೆಲನ್ನು, ಇಂಗ್ಲೆಂಡಿನಲ್ಲಿ ಸಿದ್ಧಪಡಿಸಿ ಹಡಗಿನಲ್ಲಿ ತಂದ ಕಬ್ಬಿಣದ ಭಾಗಗಳಿಂದ 1867-69ರಲ್ಲಿ ಜೋಡಿಸಲಾಯಿತು. ಶಿಕಾಗೋದ ಕಟ್ಟಡಕ್ಕಿಂತ ಹದಿನೈದು ವರ್ಷ ಮೊದಲಿನ ಚೌಕಟ್ಟದು. ಎಸ್ಪ್ಲನೇಡ್ ಮ್ಯಾನ್ಷನ್ ಎಂಬ ಹೆಸರಿನಲ್ಲಿ ವಕೀಲರ ಕಚೇರಿಗಳ ತಾಣವಾಗಿದ್ದ ಆ ಕಟ್ಟಡದ ಒಂದು ಭಾಗ 2005ರಲ್ಲಿ ಕುಸಿದು ಬಿತ್ತು. ಜೆನ್ನಿಯವರ ಹೊಸತನ ಚೌಕಟ್ಟಿನಲ್ಲಲ್ಲ, ಅದನ್ನು ಎತ್ತರದ ಕಚೇರಿಗೆ, ಹೊರಗೋಡೆಯ ಭಾರವನ್ನು ಇಳಿಸಲೆಂದು ಒಗ್ಗಿಸಿದ್ದರಲ್ಲಿ ಇದೆ.

ಅದನ್ನಾದರೂ ಪೂರ್ಣವಾಗಿ ಸಾಧಿಸಿದರೇ? ವಿವಾದ ಅವರ ಜೀವಿತದಲ್ಲೇ ಮೊಳೆಯಿತು. ಮಿನಿಯಾಪೊಲಿಸ್ಸಿನ ಲಿರಾಯ್ ಬಫಿಂಗ್ಟನ್ 1888ರಲ್ಲಿ ಲೋಹದ ಚೌಕಟ್ಟಿಗೆ ಪೇಟೆಂಟು ಪಡೆದು ತಾನೇ ಮೊದಲಿಗನೆಂದ. 1889ರಲ್ಲಿ ಹೊಲಬರ್ಡ್ ಮತ್ತು ರೋಶ್ ಕಟ್ಟಿದ ಟಕೋಮ ಕಟ್ಟಡಕ್ಕೂ ಪಕ್ಷಪಾತಿಗಳಿದ್ದರು. 1896ರಲ್ಲಿ ‘ಎಂಜಿನಿಯರಿಂಗ್ ರೆಕಾರ್ಡ್’ ಪತ್ರಿಕೆಯ ಪುಟಗಳಲ್ಲಿ ಈ ಚರ್ಚೆ ನಡೆದಾಗ ಬರ್ನ್‌ಹ್ಯಾಮ್ ತಮ್ಮ ಹಳೆಯ ಗುರುವಿನ ಪರವಾಗಿ ನಿಂತರು.

1931ರಲ್ಲಿ ಗೋಡೆ ಬಿಚ್ಚಿದಾಗಲೂ ತೀರ್ಪು ಒಂದಾಗಲಿಲ್ಲ. ನಿವೇಶನದ ಒಡೆತನ ಹೊಂದಿದ್ದ ಮಾರ್ಷಲ್ ಫೀಲ್ಡ್ ಎಸ್ಟೇಟು ನೇಮಿಸಿದ, ಥಾಮಸ್ ಟಾಲ್‌ಮೇಜ್ ನೇತೃತ್ವದ ಸಮಿತಿ ಇದೇ ಮೊದಲ ನಿಜವಾದ ಗಗನಚುಂಬಿ ಎಂದು ಸಾರಿತು. ಪಶ್ಚಿಮ ಎಂಜಿನಿಯರುಗಳ ಸಂಘದ ತಜ್ಞರು ಅದೇ ಅವಶೇಷಗಳನ್ನು ನೋಡಿ ಬೇರೆಯೇ ಮಾತಾಡಿದರು: ಇದು ಚೌಕಟ್ಟಿನ ವಿಧಾನದತ್ತ ಇಟ್ಟ ಮಹತ್ವದ ಹೆಜ್ಜೆ, ಆದರೆ ಪೂರ್ಣ ಚೌಕಟ್ಟಲ್ಲ. ನೆರೆಯ ನಿವೇಶನಕ್ಕೆ ತಾಗಿದ ಗೋಡೆಗಳು ಇಟ್ಟಿಗೆಯವು, ತಾವೇ ಭಾರ ಹೊತ್ತವು. ಬುಡದ ಕಂಬಗಳು ದಪ್ಪ ಗ್ರಾನೈಟಿನವು. ಗಾಳಿಯ ಒತ್ತಡಕ್ಕೆ ಲೋಹದ ಚೌಕಟ್ಟಿನಲ್ಲಿ ಪ್ರತ್ಯೇಕ ಏರ್ಪಾಡಿರಲಿಲ್ಲ, ಆ ಕೆಲಸವನ್ನು ಗೋಡೆಗೇ ಬಿಡಲಾಗಿತ್ತು. ಎರಡು ವರದಿಗಳಲ್ಲಿ ಎಂಜಿನಿಯರುಗಳದೇ ಹೆಚ್ಚು ವಿಶ್ವಾಸಾರ್ಹವೆನಿಸುತ್ತದೆ. ಕೆಡವುವ ಒಡೆಯನೇ ಸಮಿತಿಯನ್ನು ನೇಮಿಸಿದ್ದನೆಂಬುದನ್ನು ಮರೆಯುವಂತಿಲ್ಲ. ಆದರೂ ಪಠ್ಯಪುಸ್ತಕಗಳಿಗೆ ಸೇರಿದ್ದು ಸಮಿತಿಯ ಮಾತು.

ವಿಚಿತ್ರವೆಂದರೆ, ಆರಡಿ ಗೋಡೆಯ ಮೊನಾಡ್‌ನಾಕ್ ಉಳಿದುಕೊಂಡಿತು. ಗೋಡೆಯನ್ನು ಹಗುರಗೊಳಿಸಿದ ಕಟ್ಟಡ ನೆಲಸಮವಾಯಿತು. ಆ ಜಾಗದಲ್ಲಿ 1934ರಲ್ಲಿ ನಲವತ್ತೈದು ಅಂತಸ್ತಿನ ಫೀಲ್ಡ್ ಬಿಲ್ಡಿಂಗ್ ಮುಗಿಯಿತು. ಅದರೊಳಗೆ, ಇಲ್ಲಿ ಜೆನ್ನಿಯವರು ಚೌಕಟ್ಟಿನ ವಿಧಾನವನ್ನು ಮೊದಲು ಬಳಸಿದರೆಂದು ಸಾರುವ ಫಲಕವನ್ನು ಹಾಕಿಸಲಾಯಿತು. ಆರ್ಥಿಕ ಮುಗ್ಗಟ್ಟಿನ ಕಾಲವದು. 1955ರಲ್ಲಿ ಪ್ರುಡೆನ್ಷಿಯಲ್ ಕಟ್ಟಡ ಏಳುವವರೆಗೆ ಶಿಕಾಗೋದ ನಡುಪೇಟೆಯಲ್ಲಿ ಅಂತಹ ಇನ್ನೊಂದು ಗಗನಚುಂಬಿ ಕಚೇರಿ ಕಟ್ಟಡ ಮೇಲೇಳಲಿಲ್ಲ.