ಲಕ್ವ ಸಂಶೋಧನೆಗೊಂದು ಆಸ್ಪತ್ರೆಗಳ ಬಳಗ

‘ಇನ್‌ಸ್ಟ್ರಕ್ಟ್’ ಎಂಬುದು ಭಾರತೀಯ ಪಾರ್ಶ್ವವಾಯು ಚಿಕಿತ್ಸಾ ಪ್ರಯೋಗ ಜಾಲದ ಚುಟುಕು ಹೆಸರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ಕಟ್ಟಿದ ಈ ಬಳಗದಲ್ಲಿ ಸರ್ಕಾರಿ ಆಸ್ಪತ್ರೆಗಳೂ ಇವೆ, ಖಾಸಗಿಯವೂ ಇವೆ. ಸಮನ್ವಯ ನಡೆಯುವುದು ಪಂಜಾಬಿನ ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಿಂದ.

ಲಕ್ವ ಹೊಡೆದವರು ದೇಶದಲ್ಲಿ ಎಷ್ಟೇ ಇರಲಿ, ಒಂದೇ ಆಸ್ಪತ್ರೆಯಿಂದ ದೊಡ್ಡ ಪ್ರಯೋಗ ಸಾಧ್ಯವಿಲ್ಲ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಲಕ್ವ ಹೊಡೆದ ನಂತರ ನಾಲ್ಕೂವರೆ ಗಂಟೆಯ ಗಡುವು; ಬಹಳಷ್ಟು ರೋಗಿಗಳು ಬಂದು ಮುಟ್ಟುವಾಗ ಅದು ಮೀರಿರುತ್ತದೆ. ಹಾಗೆಂದು ಪಶ್ಚಿಮದ ಫಲಿತಾಂಶವನ್ನೇ ಇಲ್ಲಿಗೂ ಅನ್ವಯಿಸಿಬಿಡೋಣವೆಂದರೆ ಅದೂ ಕಷ್ಟ. ತಲೆಬುರುಡೆಯೊಳಗಿನ ರಕ್ತನಾಳಗಳೇ ಕಿರಿದಾಗುವ ತೊಂದರೆ ಏಷ್ಯಾದವರಲ್ಲಿ ಹೆಚ್ಚು. ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಕ್ಲೊಪಿಡೊಗ್ರೆಲ್ ಮಾತ್ರೆ ಯಕೃತ್ತಿನಲ್ಲಿ ಬದಲಾದ ಮೇಲಷ್ಟೇ ಕೆಲಸ ಮಾಡುವಂಥದ್ದು. ಆ ಬದಲಾವಣೆಯನ್ನು ಕುಗ್ಗಿಸುವ ಜೀನ್ ರೂಪಗಳು ದಕ್ಷಿಣ ಏಷ್ಯಾದವರಲ್ಲಿ ವ್ಯಾಪಕವಾಗಿವೆ. ಇವರನ್ನು ಹೊರಗಿಟ್ಟ ಪ್ರಯೋಗದಿಂದ ಇವರಿಗೆ ಸಿಗುವುದು ಅರ್ಧ ಉತ್ತರ ಮಾತ್ರ.

ಅಮೆರಿಕದಲ್ಲಿ 2013ರಲ್ಲಿ ಶುರುವಾದ ಇಂಥದೇ ಜಾಲ ‘ಸ್ಟ್ರೋಕ್‌ನೆಟ್’ ಪ್ರದೇಶಕ್ಕೊಂದು ಮುಖ್ಯ ಕೇಂದ್ರವನ್ನಿಟ್ಟು, ಸುತ್ತಲಿನ ಆಸ್ಪತ್ರೆಗಳನ್ನು ಅದಕ್ಕೆ ಜೋಡಿಸಿತು. ಭಾರತದಲ್ಲಿ ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ, ಪ್ರದೇಶ ಬದಲಾದರೆ ಭಾಷೆಯೂ ಬದಲಾಗುತ್ತದೆ. ಎಲ್ಲ ಕಡೆಯೂ ಒಂದೇ ನಮೂನೆಯಲ್ಲಿ ಮಾಹಿತಿ ಬರೆದಿಡುವ ಅಭ್ಯಾಸ ಮೊದಲು ಬೇಕಿತ್ತು. 2012ರಿಂದ 2014ರವರೆಗೆ ಐದು ಆಸ್ಪತ್ರೆಗಳು ಸೇರಿ 2066 ರೋಗಿಗಳ ವಿವರ ಕಲೆಹಾಕಿದ ಭಾರತ–ಅಮೆರಿಕ ನೋಂದಣಿ ಯೋಜನೆ ಅಂಥ ಅಭ್ಯಾಸಕ್ಕೆ ಒದಗಿಬಂತು. ಬಳಿಕ 14 ಆಸ್ಪತ್ರೆಗಳ ‘ಅಟೆಂಡ್’ ಪ್ರಯೋಗದಲ್ಲಿ 1250 ರೋಗಿಗಳು ಸೇರಿದರು. ಮನೆಯವರಿಗೇ ವ್ಯಾಯಾಮ ಮಾಡಿಸುವುದನ್ನು ಕಲಿಸಿದರೆ ಚೇತರಿಕೆ ಹೆಚ್ಚೀತೇ ಎಂಬುದು ಅದರ ಪ್ರಶ್ನೆ. ಹೆಚ್ಚಲಿಲ್ಲವೆಂದು 2017ರಲ್ಲಿ ಪ್ರಕಟವಾಯಿತು.

ಪ್ರಯೋಗಕ್ಕೆ ರೋಗಿಯನ್ನು ಸೇರಿಸಿಕೊಳ್ಳುವುದೇ ಸೂಕ್ಷ್ಮದ ಕೆಲಸ. ಲಕ್ವದಿಂದ ಮಾತು ಬಿದ್ದುಹೋದವರು ತಾವೇ ಒಪ್ಪಿಗೆ ಕೊಡಲಾರದಿದ್ದರೆ ಕಾನೂನು ಮನ್ನಿಸುವ ಪ್ರತಿನಿಧಿ ಕೊಡಬೇಕು. ಅಕ್ಷರ ಬಾರದವರಿದ್ದಲ್ಲಿ ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಇರಬೇಕು. ಮಾತು ಹೋದವರನ್ನೂ ಓದು ಬಾರದವರನ್ನೂ ಬಿಟ್ಟು ಸುಲಭದ ರೋಗಿಗಳನ್ನಷ್ಟೇ ಆರಿಸಿಕೊಂಡರೆ ಸಂಖ್ಯೆ ಬೇಗ ತುಂಬೀತು, ಆದರೆ ಫಲಿತಾಂಶ ವಾರ್ಡಿನಲ್ಲಿ ಮಲಗಿರುವವರದ್ದಾಗಿರುವುದಿಲ್ಲ. ಮನೆಗೆ ಹೋದವರ ಬೆನ್ನುಬಿಡದೆ ವಿಚಾರಿಸುವುದು ಇನ್ನೂ ಕಠಿಣ. ತಿಂಗಳುಗಳ ನಂತರ ಫೋನ್ ಮಾಡಿ, ತಾವೇ ನಡೆಯುತ್ತಾರೋ, ನಿತ್ಯದ ಕೆಲಸಕ್ಕೆ ಇನ್ನೊಬ್ಬರ ಆಸರೆ ಬೇಕೋ ಎಂದು ಕೇಳಿ ಸೊನ್ನೆಯಿಂದ ಆರರವರೆಗಿನ ‘ರ‍್ಯಾಂಕಿನ್’ ಅಳತೆಯಲ್ಲಿ ಗುರುತಿಸುತ್ತಾರೆ. ಸೊನ್ನೆಯೆಂದರೆ ಯಾವ ತೊಂದರೆಯೂ ಇಲ್ಲ, ಆರೆಂದರೆ ಸಾವು. ಹಳ್ಳಿಯ ಮನೆಯವರ ಮಾತಿನಲ್ಲೇ ಇದನ್ನು ಕೇಳಬಲ್ಲ ಸಂಶೋಧನಾ ನರ್ಸ್ ಇದ್ದಲ್ಲಿ ಜಾಲ ಗಟ್ಟಿಯಾಗಿರುತ್ತದೆ.

ಬಳಗದ ದೊಡ್ಡ ಕೆಲಸ ‘ಸ್ಪ್ರಿಂಟ್ ಇಂಡಿಯಾ’ ಪ್ರಯೋಗ; ಮತ್ತೆ ಲಕ್ವ ಬಾರದಂತೆ ತಡೆಯುವುದು ಅದರ ಗುರಿ. 31 ಕೇಂದ್ರಗಳು, 12 ಭಾಷೆಗಳು, 4298 ರೋಗಿಗಳು. ಮೊದಲ ಬಾರಿ ಲಕ್ವವಾದವರಲ್ಲಿ ಅರ್ಧದಷ್ಟು ಮಂದಿಗೆ ಮೊಬೈಲ್ ಸಂದೇಶ, ವೀಡಿಯೊ ಮತ್ತು ಅಭ್ಯಾಸ ಪುಸ್ತಕ. ಉಳಿದವರಿಗೆ ಎಂದಿನ ಆರೈಕೆ. 2018ರಲ್ಲಿ ಸೇರ್ಪಡೆ ಶುರುವಾಗಿ ಕೋವಿಡ್ ನಡುವೆಯೂ ಸಾಗಿತು. ಪ್ರಯೋಜನ ಕಾಣುವ ಸಂಭವವಿಲ್ಲವೆಂದು ಮಧ್ಯಂತರ ವಿಶ್ಲೇಷಣೆ ತೋರಿದ್ದರಿಂದ ಪ್ರಯೋಗವನ್ನು ನಿಲ್ಲಿಸಲಾಯಿತು. ಮತ್ತೆ ಲಕ್ವ, ಹೃದಯದ ತೊಂದರೆ ಅಥವಾ ಸಾವು ಕಂಡವರು ಸಂದೇಶ ಪಡೆದ ಗುಂಪಿನಲ್ಲಿ ಶೇ 5.5, ಇನ್ನೊಂದರಲ್ಲಿ ಶೇ 4.9. ಮಾತ್ರೆ ತಪ್ಪಿಸದಿರುವುದು, ಹೊಗೆಸೊಪ್ಪು, ಮದ್ಯ ಬಿಡುವುದು ಮೊದಲ ಗುಂಪಿನಲ್ಲಿ ತುಸು ಮೇಲಿತ್ತು. ಕೈಯಲ್ಲಿ ಫೋನ್ ಇರುವ ಮನೆಗಳಿಗಷ್ಟೇ ಇಂಥ ಪ್ರಯೋಗ ತಲುಪುತ್ತದೆಂಬ ಮಿತಿ ಉಳಿದೇ ಇದೆ. ಆದರೂ ಸರ್ಕಾರಿ ಹಣದಲ್ಲಿ ನಡೆದ ಪ್ರಯೋಗ ‘ಲಾಭವಿಲ್ಲ’ ಎಂದು 2023ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದು ಸಣ್ಣ ಮಾತಲ್ಲ.

ಲಕ್ವಕ್ಕೆ ಆಯುರ್ವೇದ ಚಿಕಿತ್ಸೆಯನ್ನು ಫಿಸಿಯೋಥೆರಪಿಯೊಂದಿಗೆ ಹೋಲಿಸುವ ಪ್ರಯೋಗವನ್ನೂ ಇದೇ ಬಳಗ ಕೈಗೆತ್ತಿಕೊಂಡಿತು. ಜನ ಹೇಗೂ ಎಣ್ಣೆ ತಿಕ್ಕಿಸಿಕೊಳ್ಳಲು ಹೋಗುತ್ತಾರಾದ್ದರಿಂದ ಇದು ಕೇಳಲೇಬೇಕಾಗಿದ್ದ ಪ್ರಶ್ನೆ. ತನಗೆ ಯಾವ ಚಿಕಿತ್ಸೆ ಸಿಗುತ್ತಿದೆ ಎಂಬುದನ್ನು ಇಲ್ಲಿ ರೋಗಿಯಿಂದ ಮರೆಮಾಡಲಾಗದು. ಹಾಗಾಗಿ ಕೈಕಾಲಿನ ಚೇತರಿಕೆ ಅಳೆಯುವವರಿಗಾದರೂ ಅದು ತಿಳಿಯದಂತೆ ನೋಡಿಕೊಳ್ಳಬೇಕಾಗುತ್ತದೆ.